ಮೂರನೇ ಸಾಲು

ಜಿಲ್ಲಾಸ್ಪತ್ರೆಯ ಹಿಂದೆ, ಹೊಂಗೆ ಮರದಡಿ
ಹನ್ನೊಂದು ವರ್ಷ ನಿಂತಲ್ಲೇ ನಿಂತಿದ್ದ ಮೆಟಡಾರ್.
ಹರಾಜಿನಲ್ಲಿ ಕೂಗಿದ್ದು ನಾನೊಬ್ಬನೇ;
ಗಾಬರಿಗೆ, ನನ್ನ ಮೇಲೆ ನಾನೇ
ಇನ್ನೊಂದು ಸಲ ಕೂಗಿದೆ.
ಗುಮಾಸ್ತರು ನಗು ನುಂಗಿ ರಸೀತಿ ಹರಿದರು:
ನಲವತ್ತೆರಡು ಸಾವಿರ,
ಒಳಗಿದ್ದ ಕಣಜದ ಗೂಡು ಪುಕ್ಕಟೆ.

ಚಿಂತಾಮಣಿಗೆ ತಂದದ್ದು ಟ್ರ್ಯಾಕ್ಟರಿಗೆ ಕಟ್ಟಿ,
ಖಾಲಿ ಟೊಮೆಟೊ ಕ್ರೇಟುಗಳ ಬೆನ್ನಿಗೆ.
ದಾರಿಯುದ್ದಕ್ಕೂ ಸ್ಟೀರಿಂಗ್ ಹಿಡಿದು ಕೂತಿದ್ದೆ
ನಾನೇ ಓಡಿಸುವವನ ಹಾಗೆ.

ಅಲಿವೇಲು ಬಾಗಿಲಲ್ಲಿ ನಿಂತು ನೋಡಿದಳು.
ಮೂವತ್ತನಾಲ್ಕು ವರ್ಷ ಲೈನ್‌ಮ್ಯಾನ್‌ನ ಹೆಂಡತಿ;
ಬಾಗೇಪಲ್ಲಿ, ಚೇಳೂರು, ಗೌನಿಪಲ್ಲಿ, ಮತ್ತೆ ಬಾಗೇಪಲ್ಲಿ,
ಒಂಬತ್ತು ಬಾಡಿಗೆ ಮನೆಗಳಲ್ಲಿ
ಒಂಬತ್ತು ಸಲ ಹಾಲುಕ್ಕಿಸಿದವಳು.
'ಮನೆ ಕಟ್ಟಿ ನೋಡು ಅಂತಾರೆ.
ಇದನ್ನ ಯಾವುದಕ್ಕೆ ಕಟ್ಟೋದು? ಹಗ್ಗ ತರಲಾ?'

ಅಮೀರ್‌ಜಾನ್ ಸಾಬರ ಶೆಡ್ಡಲ್ಲಿ ನಾಲ್ಕು ತಿಂಗಳು.
ತುಕ್ಕು ಕೆರೆದರೆ ತಗಡು,
ತಗಡು ಕೆರೆದರೆ ಆಕಾಶ.
ಬಿಳಿಯ ಕೆಳಗೆ ಹಳದಿ, ಹಳದಿಯ ಕೆಳಗೆ
ಅರ್ಧ ಅಳಿದ ಮಾತು: 'ಣ್ಣಿನ ತಪಾಸಣೆ ಉಚಿ'
ಸೀಟಿನಡಿ ಒಂಟಿ ಕಿವಿಯ ಕನ್ನಡಕ,
ಒಣಗಿದ ಡ್ರಾಪ್ಸ್ ಬಾಟಲಿ,
ಯಾವುದೋ ಮಗುವಿನ ಬಳೆ.

ವೈರಿಂಗ್ ಮಾತ್ರ ನಂದು. ಯಾರನ್ನೂ ಮುಟ್ಟಗೊಡಲಿಲ್ಲ.
ಹನ್ನೊಂದು ಕೆವಿ ಕಂಬ ಹತ್ತಿ ಇಳಿದವನಿಗೆ
ಹನ್ನೆರಡು ವೋಲ್ಟಿನ ಈ ಗೊಂಬೆಯಾಟ ಯಾವ ಲೆಕ್ಕ!
ದೀಪದ ಸ್ವಿಚ್ಚು ಒತ್ತಿದೆ, ಹಾರನ್ ಕೂಗಿತು.
ಹಾರನ್ ಒತ್ತಿದೆ, ವೈಪರ್ ತಲೆಯಾಡಿಸಿತು.
ಸಾಬರ ಮಗಳು ನಾಜಿಮಾ
ಸ್ಪ್ಯಾನರ್ ಕೆಳಗಿಟ್ಟು ನಕ್ಕಳು.

ಹಿಂಬಾಗಿಲ ಒಳಮೈಗೆ ಅಂಟಿತ್ತು ಅಕ್ಷರಗಳ ಚಾರ್ಟು.
ಮೇಲೆ ಕುಂಬಳಕಾಯಿಯಂಥ ಒಂದು 'ರ',
ಇಳಿದಂತೆಲ್ಲ ಅವರೆಕಾಳು, ಸಾಸಿವೆ, ರಾಗಿ.
ಕೆರೆಯಲು ಹೋದೆ. ಅಲಿವೇಲು ಕೈ ಹಿಡಿದಳು.
'ಅಲ್ಲಿ ನಿಂತು ಓದಿ, ನೋಡೋಣ.'
'ರ. ಆಮೇಲೆ ಗ, ಟ. ಮೂರನೇ ಸಾಲು...
ಅಲ್ಲಿ ಬರೀ ಇರುವೆ ಹರಿದಿದೆಯಲ್ಲೇ?'
ನನಗಿಂತ ಹಿಂದೆ ನಿಂತು, ಊಟದ ಕ್ಯಾರಿಯರ್ ಕೈಯಲ್ಲೇ,
ಕೊನೆಯ ಸಾಲಿನವರೆಗೂ ಓದಿದಳು ಅವಳು,
ಅಚ್ಚು ಹಾಕಿದ ಪ್ರೆಸ್ಸಿನ ಹೆಸರು ಸಮೇತ.

ಕೆಂಪಿಗೆ ಕಂದು, ಕಂದಿಗೆ ಹಸಿರು
ಹೆಣೆದದ್ದಷ್ಟೇ ಅಲ್ಲ.
ನೌಕರಿಯ ಕೊನೆಯ ಎರಡು ವರ್ಷ
ಕಂಬದ ಮೇಲೆ ಏನೇನು ಮುಟ್ಟಿದ್ದೆನೋ ಎಂದು
ಬೆವೆತುಬಿಟ್ಟೆ.
ಯಾರೂ ಏನೂ ಅನ್ನಲಿಲ್ಲ.
ಸಾಬರು ಚಹಾ ತರಿಸಿದರು.

ಎಡಗಣ್ಣಿಗೆ ಪೊರೆ. ಆಪರೇಷನ್ ಆದ ವಾರ
ಹಸಿರು ಪಟ್ಟಿ ಕಟ್ಟಿಕೊಂಡು ಸ್ಟೂಲಿನ ಮೇಲೆ ನಾನು;
ನಾಜಿಮಾ ಒಂದೊಂದೇ ತಂತಿ ಬಿಚ್ಚಿ, ಸೇರಿಸಿ,
ಬಿಳಿ ಟೇಪಿನಲ್ಲಿ ಒಂದೊಂದಕ್ಕೂ ಹೆಸರಿಟ್ಟಳು.
ಸಂಜೆಗೆ ಕಾಲೇಜು ಮೈದಾನದಲ್ಲಿ
ಅಲಿವೇಲುಗೆ ಕ್ಲಚ್ಚಿನ ಪಾಠ:
'ಹಾಲು ಉಕ್ಕೋ ಮುಂಚೆ ಒಲೆ ತಗ್ಗಿಸ್ತೀರಲ್ಲ ಅಕ್ಕಾ,
ಹಂಗೇ, ಮೆಲ್ಲಗೆ ಬಿಡಿ.'

ಆರ್‌ಟಿಓ ಇನ್‌ಸ್ಪೆಕ್ಟರು ಬಗ್ಗಿ ನೋಡಿದರು:
ಒಲೆ, ನೀರಿನ ಡ್ರಮ್ಮು, ಮಡಚುವ ಹಲಗೆ,
ಸ್ಪೀಕರ್ ತೂತಿನಲ್ಲಿ ಕೂತ ವೆಂಕಟರಮಣ.
'ಖಾಯಂ ವಿಳಾಸ?'
ಅಲಿವೇಲು ನಂಬರ್ ಪ್ಲೇಟು ತೋರಿಸಿದಳು.

ಮೊದಲ ಪಯಣ ದೂರವೇನಲ್ಲ,
ಅಂಬಾಜಿದುರ್ಗದ ಬುಡಕ್ಕೆ.
ಎರಡು ಸಲ ರೇಡಿಯೇಟರ್ ಕುದಿಯಿತು, ಒಂದು ಸಲ ನಾನು.
ಅವಳು ಎರಡಕ್ಕೂ ನೀರು ಕೊಟ್ಟಳು.
ಬಂಡೆಯ ಪಕ್ಕ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟು
ಹತ್ತನೇ ಸಲ ಹಾಲಿಟ್ಟಳು.
ಗಾಡಿ ವಾಲಿತ್ತು. ಹಾಲು ಒಂದೇ ಕಡೆಗೆ ಉಕ್ಕಿತು,
ಯಾವ ದಿಕ್ಕೆಂದು ಇಬ್ಬರೂ ಕೇಳಲಿಲ್ಲ.

ರಾತ್ರಿ ಹಲಗೆಯ ಮೇಲೆ ಮಲಗಿ
ಹಿಂಬಾಗಿಲು ನೋಡುತ್ತಿದ್ದೆ.
ರ. ಗ, ಟ. ಲ, ವ, ನ.
ಇರುವೆಗಳು ಒಂದೊಂದಾಗಿ ನಿಂತು
ಮುಖ ತೋರಿಸಿದವು.
ನಾಲ್ಕನೆಯದಕ್ಕೆ ಇಳಿಯುವಷ್ಟರಲ್ಲಿ
'ಬ್ಯಾಟರಿ ಇಳಿಯುತ್ತೆ, ಆರಿಸಿ' ಅಂದಳು
ಮಗ್ಗುಲಾಗಿ.

ಸ್ವಿಚ್ಚು ಒತ್ತಿದೆ.
ದೀಪವೇ ಆರಿತು.